ಲೆಕ್ಕಕ್ಕೆ ಸಿಗದವರ ಆರೋಗ್ಯ

ಮಹಾರಾಷ್ಟ್ರದ ಜಾಲನಾದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ರೈಲು ಮಾರ್ಗದಲ್ಲಿ ಕರ್ಮಾಡ ಎಂಬ ಸಣ್ಣ ನಿಲ್ದಾಣವಿದೆ. ಅದರ ಹತ್ತಿರ, ಸಟಾಣಾ ಗ್ರಾಮದ ಹೊಲಗಳ ನಡುವೆ ಹಾದುಹೋಗುವ ಹಳಿಯ ಮೇಲೆ 2020ರ ಮೇ 8ರ ಬೆಳಗಿನ ಜಾವ ಹದಿನಾರು ಜನ ಸತ್ತರು. ಮಧ್ಯಪ್ರದೇಶದ ಶಹಡೋಲ್ ಮತ್ತು ಉಮರಿಯಾ ಜಿಲ್ಲೆಗಳಿಂದ ಬಂದು ಜಾಲನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು ಅವರು. ಲಾಕ್‌ಡೌನ್‌ನಲ್ಲಿ ಕೆಲಸ ನಿಂತಿತ್ತು, ಕೈಯಲ್ಲಿದ್ದ ದುಡ್ಡು ಮುಗಿದಿತ್ತು. ಊರಿಗೆ ಹೋಗಲು ಪಾಸಿಗೆ ಅರ್ಜಿ ಹಾಕಿದರೂ ಉತ್ತರ ಬರಲಿಲ್ಲ ಎಂದು ಬದುಕುಳಿದವರು ಆಮೇಲೆ ಹೇಳಿದರು. ಭುಸಾವಳದಲ್ಲಿ, ವಲಸೆ ಕಾರ್ಮಿಕರಿಗೆಂದು ಬಿಟ್ಟಿದ್ದ ಶ್ರಮಿಕ ರೈಲು ಸಿಗಬಹುದೆಂದು ಇಪ್ಪತ್ತು ಜನ ಸಂಜೆಯೇ ನಡೆಯತೊಡಗಿದ್ದರು. ರಾತ್ರಿಯಿಡೀ ಮೂವತ್ತೈದು–ನಲವತ್ತು ಕಿಲೋಮೀಟರ್ ನಡೆದು ಕಾಲು ಸೋತಾಗ, ರೈಲುಗಳು ಓಡುತ್ತಿಲ್ಲ ಎಂದುಕೊಂಡು ಹಳಿಯ ಮೇಲೆಯೇ ಒರಗಿದರು. ಐದೂಕಾಲರ ಸುಮಾರಿಗೆ ಗೂಡ್ಸ್ ರೈಲು ಬಂತು. ಹಳಿಯ ನಡುವೆ ಚೆಲ್ಲಿ ಬಿದ್ದ ರೊಟ್ಟಿಗಳ ಚಿತ್ರವನ್ನು ದೇಶವೆಲ್ಲ ನೋಡಿತು.

ಪೊಲೀಸರ ಕಡತದಲ್ಲಿ ಇದು ರೈಲು ಅಪಘಾತ. ಆದರೆ ಹಸಿವು, ನಿದ್ರೆಗೇಡು, ಮೈಮೇಲೆ ಎಚ್ಚರವೇ ಇಲ್ಲದಷ್ಟು ದಣಿವು, ತಲೆಯ ಮೇಲೆ ಸೂರಿಲ್ಲದ ರಾತ್ರಿ ಇವೆಲ್ಲ ಆರೋಗ್ಯದ ಸಂಗತಿಗಳೇ. ಆ ಹದಿನಾರು ಜನರಲ್ಲಿ ಯಾರಿಗೂ ಜಾಲನಾದಲ್ಲಿ ಅವರ ಹೆಸರು ಬರೆದುಕೊಂಡ ಆರೋಗ್ಯ ಕಾರ್ಯಕರ್ತೆ ಇರಲಿಲ್ಲ. ಅವರ ಹೆಸರು ಎಲ್ಲಾದರೂ ಇದ್ದಿದ್ದರೆ ಅದು ನೂರಾರು ಮೈಲಿ ದೂರದ ಹಳ್ಳಿಯ ಪಟ್ಟಿಯಲ್ಲಿ. ಅದೇ ವಾರ ಕರ್ನಾಟಕ ಸರ್ಕಾರ ಬಿಲ್ಡರುಗಳ ಜೊತೆ ಸಭೆ ನಡೆಸಿ ಬೆಂಗಳೂರಿನಿಂದ ಹೊರಡಬೇಕಿದ್ದ ಶ್ರಮಿಕ ರೈಲುಗಳನ್ನು ರದ್ದು ಮಾಡಿತು. ದೇಶದಾದ್ಯಂತ ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಅದಕ್ಕೂ ಒಂದು ತಿಂಗಳ ಮುಂಚೆ ಬೆಂಗಳೂರಿನಿಂದ ರಾಯಚೂರು ಜಿಲ್ಲೆಯ ತನ್ನೂರಿನ ಕಡೆ ಹೊರಟ ಕಟ್ಟಡ ಕಾರ್ಮಿಕ ಮಹಿಳೆಯೊಬ್ಬಳು ಬಳ್ಳಾರಿಯಲ್ಲಿ ಪ್ರಾಣ ಬಿಟ್ಟಿದ್ದಳು. ಗುಳೆ ಹೋಗುವುದೆಂದರೆ ಏನೆಂದು ಕಲ್ಯಾಣ ಕರ್ನಾಟಕದ ಮನೆಮನೆಗೂ ಗೊತ್ತು. ಪುಣೆ, ಮುಂಬೈಗಳ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರಿದ್ದಾರೆ; ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆಗಳಲ್ಲಿ ಬೀಡ್ ಜಿಲ್ಲೆಯವರಿದ್ದಾರೆ.

ಮನೆಯಿಲ್ಲದವರಿಗೆ, ಮನೆ ಬಿಟ್ಟು ಬಂದವರಿಗೆ, ಹರಕು ಜೋಪಡಿಯಲ್ಲಿ ಬದುಕುವವರಿಗೆ ಆರೋಗ್ಯ ಸೇವೆ ಮುಟ್ಟಿಸುವ ಪ್ರಯತ್ನಗಳು ಈ ಎರಡು ರಾಜ್ಯಗಳಲ್ಲಿ ಐದು ದಶಕಗಳಿಂದ ನಡೆದಿವೆ. ಕೆಲವು ಜಗತ್ತಿಗೇ ಮಾದರಿಯಾದವು. ಆದರೂ ಸಟಾಣಾದಂಥದು ನಡೆಯುತ್ತದೆ. ಗೆದ್ದ ಪ್ರಯತ್ನಗಳು ಯಾಕೆ ಗೆದ್ದವು, ಸರ್ಕಾರದ ದೊಡ್ಡ ಯೋಜನೆಗಳು ಎಲ್ಲಿ ತಪ್ಪಿದವು ಎಂದು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನಮ್ಮ ಆರೋಗ್ಯ ವ್ಯವಸ್ಥೆ ಮನುಷ್ಯನನ್ನು ಗುರುತಿಸುವುದು ಅವನ ಮನೆಯಿಂದ. ಮನೆ ಬಿಟ್ಟವನು ವ್ಯವಸ್ಥೆಯ ಲೆಕ್ಕದಿಂದಲೂ ಹೊರಗೆ ಬೀಳುತ್ತಾನೆ.

ಒಂದು ರಾತ್ರಿಯ ಎಣಿಕೆ

ಮನೆಯಿಲ್ಲದವರು ಎಷ್ಟು ಜನ? 2011ರ ಜನಗಣತಿಯಲ್ಲಿ ಅವರನ್ನು ಎಣಿಸಿದ್ದು ಫೆಬ್ರುವರಿ 28ರ ಒಂದೇ ರಾತ್ರಿಯಲ್ಲಿ. ದೇಶದಲ್ಲಿ 17.7 ಲಕ್ಷ ಜನ ಸಿಕ್ಕರು. ಮಹಾರಾಷ್ಟ್ರದಲ್ಲಿ 2.1 ಲಕ್ಷ, ಕರ್ನಾಟಕದಲ್ಲಿ ಸುಮಾರು 77 ಸಾವಿರ. ಅವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ಹಳ್ಳಿಗಾಡಿನವರು ಎಂಬುದು ಆ ಗಣತಿಯ ಅಚ್ಚರಿಯ ಅಂಶ. ಫ್ಲೈಓವರಿನ ಕೆಳಗೆ, ಬಸ್ ನಿಲ್ದಾಣದ ಹಿಂದೆ, ಮುಚ್ಚಿದ ಅಂಗಡಿಗಳ ಜಗಲಿಯಲ್ಲಿ ಮಲಗಿದವರನ್ನು ಒಂದು ರಾತ್ರಿಯಲ್ಲಿ ಎಣಿಸಿ ಮುಗಿಸಿದರೆ ಎಷ್ಟೋ ಜನ ತಪ್ಪಿಹೋಗುತ್ತಾರೆ ಎಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಅಂದಿನಿಂದಲೂ ಹೇಳುತ್ತಿದ್ದಾರೆ.

ಈ ಅಂಕಿಯೊಳಗೆ ಬಾರದ ದೊಡ್ಡ ಗುಂಪೊಂದಿದೆ. ಊರಲ್ಲಿ ಮನೆಯುಂಟು, ವರ್ಷದಲ್ಲಿ ಆರು ತಿಂಗಳು ಅದಕ್ಕೆ ಬೀಗ. ನಾಸಿಕ್ ಜಿಲ್ಲೆಯ ಪೇಠ, ಸುರಗಾಣಾ, ತ್ರ್ಯಂಬಕೇಶ್ವರ ಭಾಗದ ಆದಿವಾಸಿಗಳು ಮಳೆಗಾಲದ ಬೆಳೆ ಮುಗಿಯುತ್ತಿದ್ದಂತೆ ದ್ರಾಕ್ಷಿ ತೋಟಗಳಿಗೂ, ಕೂಲಿಗೆ ಕಾದು ನಿಲ್ಲುವ ನಾಸಿಕ್ ನಗರದ ಕಾರ್ಮಿಕ ನಾಕಾಗಳಿಗೂ ಇಳಿದು ಬರುತ್ತಾರೆ. ಅದೇ ಜಿಲ್ಲೆಯ ಬಾಗಲಾಣ ತಾಲ್ಲೂಕಿನ ಕೇಂದ್ರವೂ ಸಟಾಣಾ ಎಂಬ ಹೆಸರಿನ ಊರೇ. ಈರುಳ್ಳಿ, ದಾಳಿಂಬೆ, ಎಲ್ಲರಿಗಿಂತ ಮೊದಲು ಮಾರುಕಟ್ಟೆಗೆ ಬರುವ ದ್ರಾಕ್ಷಿ ಅಲ್ಲಿಯ ಸಂಪತ್ತು. ತೋಟದ ಅಂಚಿನ ಶೆಡ್ಡುಗಳಲ್ಲಿ ಉಳಿದು ಅದನ್ನು ಬೆಳೆಯುವವರಲ್ಲಿ ಕೊಕಣಾ, ಭಿಲ್ ಸಮುದಾಯದವರು ಬಹಳ. ಸಟಾಣಾದ ಜನ ಇಂದಿಗೂ ಪೂಜಿಸುವುದು ಒಬ್ಬ ಸರ್ಕಾರಿ ಅಧಿಕಾರಿಯನ್ನು. ಬಾಗಲಾಣದ ಮಾಮಲೇದಾರರಾಗಿದ್ದ ಯಶವಂತರಾವ್ 1870–71ರ ಬರಗಾಲದಲ್ಲಿ ಸರ್ಕಾರದ ಖಜಾನೆ ತೆರೆದು ಹಸಿದವರಿಗೆ ಹಂಚಿದರೆಂದು ಅವರಿಗೆ ‘ದೇವಮಾಮಲೇದಾರ’ ಎಂಬ ಹೆಸರು ಬಂತು, ಗುಡಿಯೂ ಎದ್ದಿತು. ಕಷ್ಟಕಾಲದಲ್ಲಿ ಸರ್ಕಾರ ಬಡವನ ಹತ್ತಿರ ಬರಬೇಕು ಎಂಬ ನಿರೀಕ್ಷೆ ಈ ನೆಲದಲ್ಲಿ ಹಳೆಯದು.

ಜಾಮಖೇಡದ ಪಾಠ

ಆ ನಿರೀಕ್ಷೆಯನ್ನು ಆರೋಗ್ಯದ ವಿಷಯದಲ್ಲಿ ನಿಜ ಮಾಡಿ ತೋರಿಸಿದವರು ಡಾ. ರಜನೀಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ. ವೆಲ್ಲೂರಿನಲ್ಲಿ ವೈದ್ಯಕೀಯ ಓದಿ, ಅಮೆರಿಕದಲ್ಲಿ ಹೆಚ್ಚಿನ ತರಬೇತಿ ಪಡೆದು ಬಂದ ಈ ದಂಪತಿ 1970ರಲ್ಲಿ ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಜಾಮಖೇಡಕ್ಕೆ ಬಂದಾಗ ಅದು ಬರಪೀಡಿತ ತಾಲ್ಲೂಕು. ಹುಟ್ಟಿದ ಸಾವಿರ ಕೂಸುಗಳಲ್ಲಿ 176 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಮೊದಲಿಗೆ ಅವರು ತರಬೇತಾದ ನರ್ಸುಗಳನ್ನು ಹಳ್ಳಿಗಳಿಗೆ ಕಳಿಸಿದರು. ಹೊರಗಿನಿಂದ ಬಂದ ನರ್ಸಿನ ಮಾತನ್ನು ಹಳ್ಳಿ ಕೇಳಲಿಲ್ಲ. ಆಗ ಊರಿನವರ ಸಲಹೆಯಂತೆ ಆಯಾ ಹಳ್ಳಿಯ ಹೆಂಗಸರನ್ನೇ ಆರಿಸಿಕೊಂಡರು. ಅವರಲ್ಲಿ ಬಹುಮಂದಿ ಅಕ್ಷರ ಗೊತ್ತಿಲ್ಲದವರು, ಅನೇಕರು ದಲಿತರು, ಗಂಡ ಬಿಟ್ಟವರು, ವಿಧವೆಯರು. ವಾರಕ್ಕೊಮ್ಮೆ ಜಾಮಖೇಡಕ್ಕೆ ಬಂದು ಕಲಿತು, ಉಳಿದ ದಿನಗಳಲ್ಲಿ ತಮ್ಮ ಹಳ್ಳಿಯಲ್ಲಿ ಬಸುರಿ ಬಾಣಂತಿಯರನ್ನು, ಭೇದಿ ಹಿಡಿದ ಮಕ್ಕಳನ್ನು ನೋಡಿಕೊಂಡರು.

ಔಷಧದಷ್ಟೇ ಮುಖ್ಯವಾದದ್ದು ನೀರು. ಕೊಳವೆಬಾವಿಗಳನ್ನು ದಲಿತರ ಕೇರಿಯಲ್ಲೇ ಹಾಕಿಸುವಂತೆ ಆರೋಳೆ ದಂಪತಿ ನೋಡಿಕೊಂಡರು. ನೀರು ಬೇಕಾದವರು ಕೇರಿಗೇ ಬರಬೇಕಾಯಿತು. ಭೇದಿ ಕಡಿಮೆಯಾಯಿತು, ಮಡಿಯ ಗೋಡೆಯೂ ಸಡಿಲವಾಯಿತು. ಎರಡು ದಶಕಗಳಲ್ಲಿ ಆ ಹಳ್ಳಿಗಳ ಶಿಶುಮರಣ ಸಾವಿರಕ್ಕೆ ಮೂವತ್ತಕ್ಕಿಂತ ಕೆಳಗಿಳಿಯಿತು. 1978ರ ಆಲ್ಮಾ ಆಟಾ ಘೋಷಣೆ ‘ಎಲ್ಲರಿಗೂ ಆರೋಗ್ಯ’ ಎಂದು ಜಗತ್ತಿಗೆ ಸಾರಿದಾಗ ಅದರ ಹಿಂದೆ ಇದ್ದ ಮಾದರಿಗಳಲ್ಲಿ ಜಾಮಖೇಡವೂ ಒಂದು. ಮರುವರ್ಷ ಈ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ 1986ರಲ್ಲಿ ‘ಸರ್ಚ್’ ಸಂಸ್ಥೆ ಕಟ್ಟಿ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ನ್ಯುಮೋನಿಯಾ ಹಿಡಿದ ಕೂಸಿನ ಉಸಿರು ಜೋರಾಗುತ್ತದೆ. ನಿಮಿಷಕ್ಕೆ ಎಷ್ಟೆಂದು ಎಣಿಸಿದರೆ ಕಾಯಿಲೆ ಗೊತ್ತಾಗುತ್ತದೆ. ಆದರೆ ಹಳ್ಳಿಯ ಸೂಲಗಿತ್ತಿಗೆ ಹತ್ತರಾಚೆ ಎಣಿಕೆ ಬಾರದು. ಬಂಗ್ ಅವರು ಒಂದು ನಿಮಿಷದ ಮರಳು ಗಡಿಯಾರಕ್ಕೆ ಮಣಿಗಳ ಸಾಲು ಜೋಡಿಸಿದ ಉಪಕರಣ ಮಾಡಿಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು, ಮರಳು ಇಳಿದು ಮುಗಿಯುವ ಮೊದಲೇ ಕೆಂಪು ಮಣಿ ಬಂದರೆ ಔಷಧ ಶುರು ಮಾಡಬೇಕು. ಮನೆಯಲ್ಲೇ ನವಜಾತ ಶಿಶುವನ್ನು ನೋಡಿಕೊಳ್ಳುವ ಅವರ ಪ್ರಯೋಗದಲ್ಲಿ ನವಜಾತ ಶಿಶುಗಳ ಸಾವು ಹೋಲಿಕೆಯ ಹಳ್ಳಿಗಳಿಗಿಂತ ಶೇ 62ರಷ್ಟು ಕಡಿಮೆಯಾಯಿತು. 1999ರಲ್ಲಿ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಗಿ ಹಳ್ಳಿಗೊಬ್ಬ ಆಶಾ ಕಾರ್ಯಕರ್ತೆ ಬಂದಾಗ ಜಾಮಖೇಡ, ಗಡಚಿರೋಲಿಗಳ ಅನುಭವ ಅದರ ಬೆನ್ನಿಗಿತ್ತು.

ಕರ್ನಾಟಕದ ಗಡಿಗೆ ಹತ್ತಿರದ ನಳದುರ್ಗದ ಪಕ್ಕ, ಅಣದೂರಿನಲ್ಲಿ ಹ್ಯಾಲೊ ಮೆಡಿಕಲ್ ಫೌಂಡೇಶನ್ ‘ಭಾರತ ವೈದ್ಯ’ ಎಂಬ ಹೆಸರಿನಲ್ಲಿ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟದ್ದೂ ಇದೇ ಪರಂಪರೆಯಲ್ಲಿ.

ಬಿಳಿಗಿರಿಯಿಂದ ಬಳ್ಳಾರಿಗೆ

ಕರ್ನಾಟಕದ ಕತೆ ಇದಕ್ಕೇನೂ ಕಡಿಮೆಯಲ್ಲ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದಾಗ ಸೋಲಿಗರು ಆಗಷ್ಟೇ ಅಭಯಾರಣ್ಯದ ಕಾನೂನಿನಿಂದ ತಮ್ಮದೇ ಕಾಡಿನಲ್ಲಿ ಪರಕೀಯರಾಗಿದ್ದರು. ವೈದ್ಯ ಸೋಲಿಗರ ಹಾಡಿಗಳಾದ ಪೋಡುಗಳಿಗೆ, ಪೋಡಿನಿಂದ ಪೋಡಿಗೆ ನಡೆದುಹೋದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು, ಸೋಲಿಗ ಹುಡುಗಿಯರೇ ತರಬೇತಿ ಪಡೆದು ಆರೋಗ್ಯ ಕಾರ್ಯಕರ್ತೆಯರಾದರು. ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಸಾವಿರಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕಾಡುತ್ತಿತ್ತು. ಅದಕ್ಕೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಶುರುವಾಯಿತು. ಮನೆಮನೆ ಸಮೀಕ್ಷೆ, ಬಹುಔಷಧ ಚಿಕಿತ್ಸೆ ಎರಡೂ ಸೇರಿ ರೋಗವನ್ನು ಸಾವಿರಕ್ಕೆ ಒಂದಕ್ಕಿಂತ ಕೆಳಗೆ ತಂದವು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಇದೇ ಟ್ರಸ್ಟ್ ವಹಿಸಿಕೊಂಡಿತು. ಹೆಗ್ಗಡದೇವನಕೋಟೆಯಲ್ಲಿ ಕಾಡಿನಿಂದ ಎತ್ತಂಗಡಿಯಾದ ಬುಡಕಟ್ಟುಗಳ ನಡುವೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದವರು 1984ರಲ್ಲಿ ಇನ್ನೂ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿದ್ದ ವಿದ್ಯಾರ್ಥಿಗಳು.

ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದೆಂದು ತೋರಿಸಿದ್ದು ಬಳ್ಳಾರಿ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದಲ್ಲಿ ನಡೆಸಿದ ಗ್ರಾಮೀಣ ಪ್ರಯೋಗವನ್ನು 1985ರಲ್ಲಿ ಬಳ್ಳಾರಿ ಜಿಲ್ಲೆಗೆಲ್ಲ ವಿಸ್ತರಿಸಿತು. ಮನೋವೈದ್ಯರು ಊರೂರಿಗೆ ಹೋಗಲಾರರು. ಬದಲಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾತ್ರೆಗಳು ಅಲ್ಲಿಯೇ ಸಿಗುವಂತೆ ಮಾಡಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದು ಈ ಬಳ್ಳಾರಿ ಮಾದರಿಯ ಮೇಲೆ.

ಜಾಮಖೇಡ, ಗಡಚಿರೋಲಿ, ಯಳಂದೂರು, ಬಳ್ಳಾರಿ ಒಂದೊಂದೂ ಬೇರೆ ಕಾಯಿಲೆಗೆ ಎದುರಾಗಿ ಹುಟ್ಟಿದವು. ಹಿಡಿದ ದಾರಿ ಮಾತ್ರ ಒಂದೇ. ರೋಗಿ ಬರಲಿ ಎಂದು ಕಾಯಲಿಲ್ಲ. ಆ ಜನರ ನಡುವಿನವರನ್ನೇ ಕಲಿಸಿ ನಿಲ್ಲಿಸಿದರು. ದೊಡ್ಡ ಆಸ್ಪತ್ರೆಯನ್ನು ಬೆನ್ನಿಗೆ ಇಟ್ಟುಕೊಂಡರು. ಎಲ್ಲಕ್ಕೂ ಇದ್ದ ಮಿತಿಯೂ ಒಂದೇ. ಅವು ಒಂದು ಹಳ್ಳಿಯನ್ನು, ಒಂದು ಪೋಡನ್ನು ಹಿಡಿದು ನಿಂತ ಕೆಲಸಗಳು. ಹಳ್ಳಿಯೇ ಗಂಟುಮೂಟೆ ಕಟ್ಟಿ ಹೊರಟಾಗ ಕಾರ್ಯಕರ್ತೆ ಹಿಂದೆ ಉಳಿದಳು.

ನಗರದ ಬಾಗಿಲು, ನಗರದ ಗಂಟೆ

ಹೊರಟವರು ಬಂದು ಸೇರುವುದು ನಗರಕ್ಕೆ. ಸಂಭಾಜಿನಗರದಲ್ಲಿ ಬಡವರ ಆಸ್ಪತ್ರೆಯೆಂದರೆ ‘ಘಾಟಿ’. 1956ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಮರಾಠವಾಡಾದ ಜನ ಕರೆಯುವುದೇ ಹಾಗೆ. ಅದೇ ನಗರದಲ್ಲಿ ಕೆಲವು ವೈದ್ಯರು ಸೇರಿ 1989ರಲ್ಲಿ ಡಾ. ಹೆಡಗೇವಾರ್ ರುಗ್ಣಾಲಯ ಆರಂಭಿಸಿದರು. ಆಸ್ಪತ್ರೆಯ ಜೊತೆಗೆ ಕೊಳೆಗೇರಿಗಳಲ್ಲಿ ತಾಯಿ–ಮಕ್ಕಳ ಆರೋಗ್ಯ, ಮಹಿಳಾ ಸಂಘ, ಬಾಲವಾಡಿಗಳ ಕೆಲಸವನ್ನೂ ಅವರ ಬಳಗ ಕೈಗೆತ್ತಿಕೊಂಡಿತು. ಮುಂದೆ ನಾಸಿಕ್‌ನಲ್ಲಿ ಶ್ರೀ ಗುರೂಜಿ ರುಗ್ಣಾಲಯವೂ ಹುಟ್ಟಿತು. ನಾಸಿಕ್‌ನ ದಿಶಾ ಫೌಂಡೇಶನ್ ವಲಸೆ ಕಾರ್ಮಿಕರ ನಡುವೆಯೇ ಕೆಲಸ ಮಾಡಿ, ರೇಷನ್, ಗುರುತಿನ ಚೀಟಿ, ಆರೋಗ್ಯ ಇವು ಮೂರೂ ಒಂದೇ ಗಂಟು ಎಂಬುದನ್ನು ಮೊದಲೇ ಕಂಡುಕೊಂಡ ಸಂಸ್ಥೆಗಳಲ್ಲಿ ಒಂದು.

ನಗರದ ಬಡವರಿಗಾಗಿ ಪ್ರತ್ಯೇಕ ರಾಷ್ಟ್ರೀಯ ಅಭಿಯಾನ ಬಂದದ್ದು 2013ರಲ್ಲಿ, ಗ್ರಾಮೀಣ ಅಭಿಯಾನದ ಎಂಟು ವರ್ಷ ನಂತರ. ಕೊಳೆಗೇರಿಗಳಿಗೂ ಆಶಾ ಬಂದರು. ಅವರ ನಕ್ಷೆಯಲ್ಲಿ ಇರುವುದು ಮನೆಗಳು. ಪಾದಚಾರಿ ಮಾರ್ಗದಲ್ಲಿ ಮಲಗುವವನು, ಕಟ್ಟಡ ಮುಗಿದೊಡನೆ ಶೆಡ್ಡು ಕಿತ್ತು ಇನ್ನೊಂದು ಬಡಾವಣೆಗೆ ಹೋಗುವವನು ಆ ನಕ್ಷೆಯಲ್ಲಿ ಮೂಡುವುದಿಲ್ಲ.

ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಲ್ಲಿ ‘ನಮ್ಮ ಕ್ಲಿನಿಕ್’ ಶುರುವಾಯಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ವಾರ್ಡುಗಳಿಗೂ ಬಂತು. ಒಬ್ಬ ವೈದ್ಯ, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್. ತಪಾಸಣೆ, ಔಷಧ ಎಲ್ಲ ಉಚಿತ. ಒಳ್ಳೆಯ ಯೋಜನೆ. ಆದರೆ ಶುರುವಿನಲ್ಲಿ ಇಟ್ಟ ವೇಳೆ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಏಳು ಗಂಟೆಗೆ ನಾಕಾದಲ್ಲಿ ನಿಂತು, ಮೇಸ್ತ್ರಿಯ ಟೆಂಪೊ ಹತ್ತಿ, ಕತ್ತಲಾದ ಮೇಲೆ ಇಳಿಯುವ ಕೂಲಿಯವನು ಅಲ್ಲಿಗೆ ಹೋಗಬೇಕಾದರೆ ಒಂದು ದಿನದ ಪಗಾರ ಬಿಡಬೇಕು. ಅವನು ಹೋಗುವುದಿಲ್ಲ. ರಾತ್ರಿ ಮೆಡಿಕಲ್ ಶಾಪಿನಲ್ಲಿ ಎರಡು ಗುಳಿಗೆ ಕೇಳಿ ತೆಗೆದುಕೊಳ್ಳುತ್ತಾನೆ. ಮಹಾರಾಷ್ಟ್ರ 2022ರಲ್ಲಿ ಮುಂಬೈಯಲ್ಲಿ ಆರಂಭಿಸಿದ ‘ಆಪಲಾ ದವಾಖಾನಾ’ವನ್ನು ಮರುವರ್ಷ ರಾಜ್ಯದ ಉಳಿದ ಭಾಗಕ್ಕೆ ಒಯ್ದಾಗ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಎಂದು ವೇಳೆ ಇಟ್ಟಿತು. ಗಡಿಯಾರದ ಮುಳ್ಳು ಸ್ವಲ್ಪ ಸರಿದರೆ ಅದೇ ವೈದ್ಯ, ಅದೇ ಔಷಧ ಕೂಲಿಯವನ ಕೈಗೆ ಎಟಕುತ್ತದೆ. ಕರ್ನಾಟಕದ ಪ್ರತಿ ನಮ್ಮ ಕ್ಲಿನಿಕ್‌ಗೂ ಇದನ್ನು ಅನ್ವಯಿಸಲು ಹೊಸ ಕಟ್ಟಡವೇನೂ ಬೇಕಿಲ್ಲ.

ಬೀದಿಯಲ್ಲಿ ಬಿದ್ದವರು

ಕ್ಲಿನಿಕ್ಕಿಗೆ ನಡೆದು ಹೋಗುವ ಸ್ಥಿತಿಯಲ್ಲೂ ಇಲ್ಲದವರ ವಿಷಯದಲ್ಲಿ ನಮ್ಮ ಇತಿಹಾಸ ಮೈ ನಡುಗಿಸುವಂಥದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಬೀದಿಯಲ್ಲಿ ಸಿಕ್ಕವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸಬಹುದು. ಅದರ ಖರ್ಚಿಗೆಂದು ಆಸ್ತಿ ತೆರಿಗೆಯ ಮೇಲೆ ಶೇ 3ರ ಭಿಕ್ಷುಕರ ಕರವನ್ನು ಮನೆಯುಳ್ಳವರೆಲ್ಲ ಕಟ್ಟುತ್ತಾರೆ. ಬೆಂಗಳೂರಿನ ಮಾಗಡಿ ರಸ್ತೆಯ ಆ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ವಾಂತಿ, ಭೇದಿ, ನಿತ್ರಾಣದಿಂದ ಸತ್ತರು. ತನಿಖೆ ಶುರುವಾದಾಗ ಅದಕ್ಕೆ ಮೊದಲಿನ ತಿಂಗಳುಗಳಲ್ಲೂ ಅಲ್ಲಿ ಸಾವುಗಳು ಸಾಲಾಗಿ ಆಗಿದ್ದವೆಂದು ಹೊರಬಿತ್ತು. ಹಣ ಇತ್ತು, ಕಟ್ಟಡ ಇತ್ತು, ಕಾನೂನು ಇತ್ತು. ಆದರೆ ಆ ಕಾನೂನಿನ ಗುರಿ ಅವರನ್ನು ಬೀದಿಯಿಂದ ತೆಗೆಯುವುದಾಗಿತ್ತು. ಅವರಿಗೆ ಏನು ಕಾಯಿಲೆ ಎಂದು ಕೇಳುವ ಹೊಣೆ ಯಾರದೂ ಆಗಿರಲಿಲ್ಲ.

ಅದೇ 2010ರಲ್ಲಿ, ದೆಹಲಿಯ ಚಳಿಗೆ ಜನ ಸತ್ತ ಹಿನ್ನೆಲೆಯಲ್ಲಿ, ಆಹಾರದ ಹಕ್ಕಿನ ಪ್ರಕರಣದ ಅಂಗವಾಗಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ದಿನವಿಡೀ ತೆರೆದಿರುವ ಆಶ್ರಯ ತಾಣ ಇರಬೇಕೆಂದು ಹೇಳಿತು. 2011ರಲ್ಲಿ 84 ಲಕ್ಷ ಜನರಿದ್ದ ಬೆಂಗಳೂರಿಗೆ ಆ ಲೆಕ್ಕದಲ್ಲಿ 84 ತಾಣಗಳು ಬೇಕು. ಊರು ಇನ್ನೂ ಬಹಳ ಹಿಂದಿದೆ. ಇರುವ ತಾಣಗಳೂ ಮಲಗಲು ಜಾಗ ಕೊಡುತ್ತವೆಯೇ ಹೊರತು ಕಾಯಿಲೆ ಬಿದ್ದವನನ್ನು ನೋಡಿಕೊಳ್ಳುವ ಏರ್ಪಾಡು ಅಪರೂಪ.

ಬೀದಿಯಲ್ಲಿ ಅಲೆಯುವವರಲ್ಲಿ ಮಾನಸಿಕ ಅಸ್ವಸ್ಥರ ಪಾಡು ಎಲ್ಲರಿಗಿಂತ ಕಠಿಣ. ಮುಂಬೈನ ಡಾ. ಭರತ್ ವಟವಾನಿ ಮತ್ತು ಡಾ. ಸ್ಮಿತಾ ವಟವಾನಿ ದಂಪತಿ ಒಮ್ಮೆ ತೆಂಗಿನ ಚಿಪ್ಪಿನಿಂದ ಚರಂಡಿ ನೀರು ಮೊಗೆದು ಕುಡಿಯುತ್ತಿದ್ದ ಯುವಕನನ್ನು ಕಂಡು ತಮ್ಮ ನರ್ಸಿಂಗ್ ಹೋಮಿಗೆ ಕರೆದೊಯ್ದರು. 1988ರಲ್ಲಿ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ಹುಟ್ಟಿದ್ದು ಹೀಗೆ. ಕರ್ಜತ್‌ನ ಅವರ ಕೇಂದ್ರ ಸಾವಿರಾರು ಜನರಿಗೆ ಚಿಕಿತ್ಸೆ ಕೊಟ್ಟು, ಅರೆಬರೆ ನೆನಪಿನ ಊರಿನ ಹೆಸರು ಹಿಡಿದು ಹುಡುಕಿ, ಮನೆ ಮುಟ್ಟಿಸಿದೆ. 2018ರಲ್ಲಿ ವಟವಾನಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಕಾಸರಗೋಡಿನ ಕನ್ನಡ ನಾಡಾದ ಮಂಜೇಶ್ವರದಲ್ಲಿ, ಪಾವೂರಿನ ‘ಸ್ನೇಹಾಲಯ’ದಲ್ಲಿ ಇದೇ ಕೆಲಸ ನಡೆಯುತ್ತಿದೆ. ಅದನ್ನು ಕಟ್ಟಿದ ಜೋಸೆಫ್ ಕ್ರಾಸ್ತ ವೈದ್ಯರಲ್ಲ, ಆಟೊ ಓಡಿಸುತ್ತಿದ್ದವರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಲೆದಾಡುವ ಅಸ್ವಸ್ಥರನ್ನು ರಕ್ಷಿಸಿ ಚಿಕಿತ್ಸೆಗೆ ಒಯ್ಯುವ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿದೆ. ಠಾಣೆಯಿಂದ ಆಸ್ಪತ್ರೆಗೆ ಒಯ್ದರೆ ಅಲ್ಲಿ ಮೊದಲು ಕೇಳುವ ಪ್ರಶ್ನೆ “ಜೊತೆಗೆ ಯಾರಿದ್ದಾರೆ?” ಸಹಿ ಹಾಕಲು, ಔಷಧ ತರಲು, ಬಟ್ಟೆ ಬದಲಿಸಲು ಮನೆಯವರೊಬ್ಬರು ಇದ್ದೇ ಇರುತ್ತಾರೆ ಎಂಬ ಭಾವನೆಯ ಮೇಲೆ ನಮ್ಮ ವಾರ್ಡುಗಳು ನಡೆಯುತ್ತವೆ.

ಈ ಪ್ರಶ್ನೆ ನಮಗೆ ಮಾತ್ರ ಎದುರಾದದ್ದಲ್ಲ. ಶ್ರೀಮಂತ ಅಮೆರಿಕದ ಬಾಸ್ಟನ್‌ನಲ್ಲಿ 1985ರಲ್ಲಿ ಮನೆಯಿಲ್ಲದವರಿಗಾಗಿ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಬಂದ ಯುವ ವೈದ್ಯ ಜಿಮ್ ಓಕಾನಲ್ ಅವರಿಗೆ ಆಶ್ರಯ ತಾಣದ ಅನುಭವಿ ನರ್ಸುಗಳು ಮೊದಲು ಸ್ಟೆತೊಸ್ಕೋಪ್ ಪಕ್ಕಕ್ಕಿಡಲು ಹೇಳಿದರು. ಬಂದವರ ಕಾಲುಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ನೆನೆಸಿ ತೊಳೆಯುವ ಕೆಲಸ ಕೊಟ್ಟರು. ದಿನವಿಡೀ ಬೂಟಿನಲ್ಲೇ ಇದ್ದು ಕೊಳೆತ ಪಾದಗಳವು. ಕಾಲು ತೊಳೆಯುತ್ತಾ ಮಾತು ಬೆಳೆಯಿತು, ತಿಂಗಳುಗಟ್ಟಲೆ ವೈದ್ಯರನ್ನು ಹತ್ತಿರ ಸೇರಿಸದಿದ್ದವರು ತಾವಾಗಿ ಕಾಯಿಲೆ ಹೇಳಿಕೊಂಡರು. ಆ ಕಾರ್ಯಕ್ರಮ ಕಂಡುಕೊಂಡ ಇನ್ನೊಂದು ಉಪಾಯ ಚೇತರಿಕೆಯ ಹಾಸಿಗೆ. ಆಪರೇಷನ್ ಆದವನನ್ನು ಮನೆಗೆ ಕಳಿಸುತ್ತಾರೆ, ಮನೆಯೇ ಇಲ್ಲದಿದ್ದರೆ? ಹೊಲಿಗೆ ಒಣಗುವವರೆಗೆ, ಮುರಿದ ಮೂಳೆ ಕೂಡುವವರೆಗೆ ಇರಲು ನರ್ಸುಗಳಿರುವ ಒಂದು ತಾಣವನ್ನು ಅವರು ನಡೆಸುತ್ತಾರೆ. ಬೆಂಗಳೂರಿನ ವಿಕ್ಟೋರಿಯಾದಿಂದಲೋ ಹುಬ್ಬಳ್ಳಿಯ ಕಿಮ್ಸ್‌ನಿಂದಲೋ ಬಿಡುಗಡೆಯಾಗುವ ನಿರ್ಗತಿಕನಿಗೂ ಬೇಕಾದದ್ದು ಇದೇ.

ಕಾರ್ಡು ಮತ್ತು ಗರ್ಭಕೋಶ

ಕಳೆದ ಎರಡು ದಶಕಗಳಲ್ಲಿ ಸರ್ಕಾರಗಳು ಬಡವರ ಆರೋಗ್ಯಕ್ಕೆ ಕಂಡುಕೊಂಡ ಮುಖ್ಯ ಉತ್ತರ ವಿಮೆ. ಕರ್ನಾಟಕದಲ್ಲಿ ಯಶಸ್ವಿನಿ, ವಾಜಪೇಯಿ ಆರೋಗ್ಯಶ್ರೀ. ಮಹಾರಾಷ್ಟ್ರದಲ್ಲಿ ಈಗ ಮಹಾತ್ಮ ಜ್ಯೋತಿಬಾ ಫುಲೆ ಅವರ ಹೆಸರಿನ ಯೋಜನೆ. 2018ರಿಂದ ವರ್ಷಕ್ಕೆ ಕುಟುಂಬವೊಂದಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ. ಹೃದಯದ ಆಪರೇಷನ್, ಕ್ಯಾನ್ಸರ್ ಚಿಕಿತ್ಸೆಗೆ ಹೊಲ ಮಾರಬೇಕಿದ್ದವರಿಗೆ ಇದರಿಂದ ಜೀವ ಬಂದಿದೆ. ಆಯುಷ್ಮಾನ್ ಯೋಜನೆಯ ನಿಯಮದಲ್ಲಿ ಸೂರಿಲ್ಲದ ಕುಟುಂಬಗಳು, ಭಿಕ್ಷೆಯಿಂದ ಬದುಕುವ ನಿರ್ಗತಿಕರು ತಾವಾಗಿಯೇ ಫಲಾನುಭವಿಗಳು. ಕಾಗದದ ಮೇಲೆ ಅವರಿಗೇ ಮೊದಲ ಸ್ಥಾನ. ಕಾರ್ಡು ಮಾಡಿಸಲು ಹೋದರೆ ಕೇಳುವುದು ಆಧಾರ್, ರೇಷನ್ ಕಾರ್ಡ್, ಫೋನ್ ನಂಬರ್. ಅಲ್ಲದೆ ಈ ವಿಮೆ ದುಡ್ಡು ಕೊಡುವುದು ಆಸ್ಪತ್ರೆಗೆ ದಾಖಲಾದ ಮೇಲೆ. ಬೀದಿ ಬದಿಯವನ ಕಾಲಿನ ಹುಣ್ಣು, ಬಿಪಿ, ಸಕ್ಕರೆ ಕಾಯಿಲೆ, ಕೆಮ್ಮು ದಾಖಲಾಗುವಷ್ಟು ಬಲಿಯುವವರೆಗೆ ಅದರ ಕಣ್ಣಿಗೆ ಬೀಳುವುದಿಲ್ಲ. ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು ಸಾವಿರವಾಗಿದೆ. ಬ್ಯಾಂಕ್ ಖಾತೆಯಿಲ್ಲದವನಿಗೆ, ಆರು ತಿಂಗಳ ಔಷಧದ ನಡುವೆ ಮೂರು ಜಿಲ್ಲೆ ತಿರುಗುವವನಿಗೆ ಅದನ್ನು ಮುಟ್ಟಿಸುವುದು ಸುಲಭವಲ್ಲ.

ಹಳ್ಳಿಯಲ್ಲಿ ತಿಳಿಸಿ ಹೇಳುವವರಿಲ್ಲದೆ ಬರೀ ಆಸ್ಪತ್ರೆಯ ಬಾಗಿಲು ತೆರೆದಿಟ್ಟರೆ ಏನಾಗುತ್ತದೆಂಬುದನ್ನು ಬೀಡ್ ತೋರಿಸಿತು. ಮರಾಠವಾಡಾದ ಈ ಜಿಲ್ಲೆಯಿಂದ ದೀಪಾವಳಿಯ ಸುಮಾರಿಗೆ ಲಕ್ಷಾಂತರ ಜನ ಕಬ್ಬು ಕಡಿಯಲು ಹೊರಡುತ್ತಾರೆ. ಗಂಡ–ಹೆಂಡತಿ ಸೇರಿ ಒಂದು ‘ಕೋಯ್ತಾ’. ಇಬ್ಬರಿಗೂ ಸೇರಿ, ಕೂಲಿಯವರನ್ನು ಒದಗಿಸುವ ಗುತ್ತಿಗೆದಾರನಾದ ಮುಕಾದಮ ಕೊಡುವ ಮುಂಗಡಕ್ಕೆ ‘ಉಚಲ’ ಎನ್ನುತ್ತಾರೆ. ಅದು ತೀರುವವರೆಗೆ ದುಡಿಯಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರೊಟ್ಟಿ ತಟ್ಟಿ, ಗದ್ದೆಗೆ ಇಳಿದು, ಗಂಡ ಕಡಿದ ಕಬ್ಬನ್ನು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಹಲಗೆ ಏರಿ ಟ್ರ್ಯಾಕ್ಟರಿಗೆ ತುಂಬುವುದು ಹೆಂಡತಿಯ ಪಾಲು. ತಾಡಪಾಲಿನ ಗುಡಿಸಲಿಗೆ ನೀರಿಲ್ಲ, ಶೌಚಾಲಯವಿಲ್ಲ. ಮುಟ್ಟಿನ ನೋವೆಂದು ಒಂದು ದಿನ ಕೂತರೆ ಐನೂರು ರೂಪಾಯಿ ದಂಡ. ಸೋಂಕು, ಹೊಟ್ಟೆನೋವು ಎಂದು ಖಾಸಗಿ ಆಸ್ಪತ್ರೆಗೆ ಹೋದವರಿಗೆ ಗರ್ಭಕೋಶ ತೆಗೆಸುವುದೇ ಪರಿಹಾರವೆಂದು, ಬಿಟ್ಟರೆ ಕ್ಯಾನ್ಸರ್ ಆಗುತ್ತದೆಂದು ಹೆದರಿಸಿದ ದೂರುಗಳು ಬಂದವು. 2019ರಲ್ಲಿ ವಿಷಯ ವಿಧಾನ ಪರಿಷತ್ತಿನಲ್ಲಿ ಎದ್ದಾಗ, ಮೂರು ವರ್ಷದಲ್ಲಿ ಬೀಡ್ ಜಿಲ್ಲೆಯಲ್ಲಿ 4,605 ಇಂಥ ಶಸ್ತ್ರಚಿಕಿತ್ಸೆ ನಡೆದಿವೆಯೆಂದು ಸರ್ಕಾರವೇ ಒಪ್ಪಿತು. ಇದರ ತನಿಖೆಗೆ ನೇಮಕವಾದ ನೀಲಂ ಗೋರ್ಹೆ ನೇತೃತ್ವದ ಸಮಿತಿಯ ಸಮೀಕ್ಷೆಗೆ ಸಿಕ್ಕ 82,309 ಕಬ್ಬು ಕಡಿಯುವ ಮಹಿಳೆಯರಲ್ಲಿ 13,861 ಜನ ಗರ್ಭಕೋಶ ಕಳೆದುಕೊಂಡವರು. ಅವರಲ್ಲಿ ಎಷ್ಟೋ ಜನಕ್ಕೆ ನಲವತ್ತೂ ತುಂಬಿರಲಿಲ್ಲ.

ಇದು ಪಕ್ಕದ ರಾಜ್ಯದ ಕತೆ ಎಂದು ಕೂರುವಂತಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಇದೇ ರೀತಿ ಆದದ್ದನ್ನು ಕರ್ನಾಟಕ ಜನಾರೋಗ್ಯ ಚಳವಳಿಯವರು 2015ರಲ್ಲಿ ಎತ್ತಿ ಹಿಡಿದು ಹೋರಾಡಿದ್ದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಮಾರ್ಗಸೂಚಿ ಆಸ್ಪತ್ರೆಗೆ ಲಗಾಮು ಹಾಕಬಲ್ಲದು. ಬಿಳಿಸೆರಗು ಎಂದರೆ ಏನು, ಯಾವ ಔಷಧದಿಂದ ವಾಸಿಯಾಗುತ್ತದೆ ಎಂದು ಗದ್ದೆಯಂಚಿನಲ್ಲಿ ಕೂತು ಹೇಳುವವಳು ಬೇಕಾದರೆ ಮತ್ತೆ ಜಾಮಖೇಡದ ದಾರಿಗೇ ಬರಬೇಕು.

ಆಗಬೇಕಾದ್ದು

ಜಾಮಖೇಡದ ಆ ದಾರಿಯಲ್ಲಿ ನಡೆಯುತ್ತಿರುವ ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಗೌರವ ಕೊಟ್ಟಿತು. ಅವರೇ ನಿಶ್ಚಿತ ಗೌರವಧನಕ್ಕಾಗಿ ಕರ್ನಾಟಕದಲ್ಲಿ 2020ರಲ್ಲೂ 2025ರ ಜನವರಿಯಲ್ಲೂ ಬೀದಿಗಿಳಿಯಬೇಕಾಯಿತು. ಕೆಲಸದ ಎಣಿಕೆಯ ಮೇಲೆ ದುಡ್ಡು ಕೊಡುವ ಪದ್ಧತಿಯಲ್ಲಿ, ಏಳನೇ ತಿಂಗಳಲ್ಲಿ ಗುಳೆ ಹೊರಟ ಬಸುರಿ ತನ್ನೂರಿನ ಆಶಾಳ ಲೆಕ್ಕದಿಂದ ಹೋಗುತ್ತಾಳೆ, ಹೋದ ಊರಿನ ಆಶಾಳ ಲೆಕ್ಕಕ್ಕೆ ಸೇರುವುದಿಲ್ಲ. ಅವಳ ತಾಯಿ ಕಾರ್ಡು ಟ್ರಂಕಿನಲ್ಲಿ ಉಳಿಯುತ್ತದೆ. ವಲಸೆ ಬಂದವಳನ್ನು ಗುರುತಿಸಿ ನೋಡಿಕೊಂಡ ಆಶಾಗೂ ಪ್ರೋತ್ಸಾಹಧನ ಸಿಗುವಂತೆ ಮಾಡಿದರೆ ಈ ಕಂದಕ ಬಹಳಷ್ಟು ತುಂಬುತ್ತದೆ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ‘ಒಂದು ದೇಶ, ಒಂದು ರೇಷನ್ ಕಾರ್ಡ್’ ಜಾರಿಗೆ ತರಬೇಕೆಂದು ಗಡುವು ವಿಧಿಸಿದ ಮೇಲೆ ಬೀಡಿನ ಕಾರ್ಡಿಗೆ ಬೆಳಗಾವಿಯಲ್ಲಿ ಅಕ್ಕಿ ಸಿಗಬಹುದಾಗಿದೆ. ಅಕ್ಕಿಗೆ ಆದದ್ದು ಲಸಿಕೆಗೆ, ಕ್ಷಯದ ಗುಳಿಗೆಗೆ, ಹೆರಿಗೆಗೆ ಆಗಲಾರದೆಂದು ಹೇಳಲು ಕಾರಣವಿಲ್ಲ.

ಮುಖ್ಯವಾಗಿ, ಈ ಜನ ಯಾರಿಗೂ ಕಾಣದವರೇನಲ್ಲ. ಮುಕಾದಮನ ಪುಸ್ತಕದಲ್ಲಿ ಪ್ರತಿ ಕೋಯ್ತಾದ ಹೆಸರು, ಊರು, ಕೊಟ್ಟ ಉಚಲ, ಬಾಕಿ ಎಲ್ಲ ಬರೆದಿರುತ್ತದೆ. ಯಾವ ಗ್ಯಾಂಗು ಯಾವ ಹಳ್ಳಿಯ ಗದ್ದೆಯಲ್ಲಿದೆ ಎಂದು ಸಕ್ಕರೆ ಕಾರ್ಖಾನೆಗೆ ದಿನದಿನವೂ ಗೊತ್ತು. ಗೊತ್ತಿಲ್ಲದಿರುವುದು ಆರೋಗ್ಯ ಇಲಾಖೆಗೆ. ಹಂಗಾಮು ಶುರುವಾಗುವ ಅಕ್ಟೋಬರ್‌ನಲ್ಲೇ ಕಾರ್ಖಾನೆಗಳಿಂದ ಗ್ಯಾಂಗುಗಳ ಪಟ್ಟಿ ತರಿಸಿಕೊಂಡು, ಬೀಡ್, ಸಂಭಾಜಿನಗರ, ನಾಸಿಕ್ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಬಸುರಿಯರ, ಕ್ಷಯರೋಗಿಗಳ, ಲಸಿಕೆ ಬಾಕಿಯಿರುವ ಮಕ್ಕಳ ವಿವರ ಕಳಿಸಬಹುದು. ಪ್ರತಿ ಗ್ಯಾಂಗಿನಲ್ಲಿ ಒಬ್ಬ ಹೆಂಗಸಿಗೆ ಹೊರಡುವ ಮೊದಲೇ ತರಬೇತಿ ಕೊಟ್ಟು, ಔಷಧದ ಡಬ್ಬಿ ಮತ್ತು ಸಂಬಳ ಕೊಟ್ಟು ಜೊತೆಯಲ್ಲೇ ಕಳಿಸಬಹುದು. ನಗರಗಳಲ್ಲಿ ಇದೇ ಕೆಲಸವನ್ನು ಕಾರ್ಮಿಕ ನಾಕಾದಲ್ಲಿ, ಕಟ್ಟಡದ ಶೆಡ್ಡುಗಳಲ್ಲಿ, ಆಶ್ರಯ ತಾಣಗಳಲ್ಲಿ ಸಂಜೆಯ ಹೊತ್ತು ಮಾಡಬಹುದು. ಇದಕ್ಕೆ ಬೇಕಾದ ಹಣ ಕರ್ನಾಟಕದ ಭಿಕ್ಷುಕರ ಕರದಲ್ಲಿ, ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಯಲ್ಲಿ ಈಗಾಗಲೇ ಸಂಗ್ರಹವಾಗುತ್ತಿದೆ. ಇನ್ನೊಂದು ಕಬ್ಬಿನ ಹಂಗಾಮು ಶುರುವಾಗುವ ಮೊದಲು ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ಒಂದು ಮೇಜಿನ ಸುತ್ತ ಕೂತರೆ, ಮೊದಲ ಪಟ್ಟಿಯನ್ನು ಆ ವರ್ಷವೇ ತಯಾರಿಸಬಹುದು.